ಡಿಶ್ಶು ತಿರುಗುವ ಮನೆ

ನಮ್ಮ ತಾರಸಿಯ ಮೇಲಿನ ಎಂಟಡಿ ಡಿಶ್ಶನ್ನು ಕಂಡವರು ಮೊದಲು ಕೇಳುವುದು, ಅದಕ್ಕೆ ಮೋಟಾರು ಯಾಕೆ ಅಂತ. ತಿರುಗುವುದಕ್ಕೆ ಎನ್ನುತ್ತೇನೆ. ತಿರುಗುವುದು ಯಾಕೆ ಎನ್ನುತ್ತಾರೆ. ಬೇರೆ ಬೇರೆ ಉಪಗ್ರಹ ಹಿಡಿಯುವುದಕ್ಕೆ ಎಂದರೆ, ‘ಕೇಬಲ್‌ನಲ್ಲೇ ಎಲ್ಲಾ ಬರುತ್ತಲ್ಲ ಸಾರ್?’ ಎಂದು ಕನಿಕರದಿಂದ ಮುಖ ನೋಡುತ್ತಾರೆ. ಬಾವಿಯ ಮೋಟಾರಿಗೋ ಹಿಟ್ಟಿನ ಗಿರಣಿಯ ಮೋಟಾರಿಗೋ ಕಾರಣ ಕೇಳಿದವರನ್ನು ನಾನು ಕಂಡಿಲ್ಲ. ಡಿಶ್ಶಿನ ಮೋಟಾರಿಗೆ ಮಾತ್ರ ಸಮಜಾಯಿಷಿ ಬೇಕು. ಈಚೆಗೆ ನಾನು ವಿವರಣೆಯ ಗೋಜು ಬಿಟ್ಟು, ‘ಬನ್ನಿ, ಕಾಫಿ ಕುಡಿಯೋಣ’ ಎಂದು ಕೆಳಗೆ ಕರೆತರುತ್ತೇನೆ. ಹಾಸನದಲ್ಲಿ ಒಳ್ಳೆಯ ಕಾಫಿಯ ಮುಂದೆ ಯಾವ ಪ್ರಶ್ನೆಯೂ ಬಹಳ ಹೊತ್ತು ನಿಲ್ಲುವುದಿಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಮೋಟಾರಿನ ಡಿಶ್ಶು ಇಟ್ಟುಕೊಂಡವನು ಟಿವಿ ನೋಡುವುದಿಲ್ಲ. ಚಿತ್ರ ಬಂದ ಕೂಡಲೇ ಅವನ ಆಸಕ್ತಿ ಇಳಿದುಹೋಗುತ್ತದೆ. ಯಾರೋ ಅಡುಗೆ ಮಾಡುತ್ತಿದ್ದಾರೆ, ಯಾರೋ ಸುದ್ದಿ ಓದುತ್ತಿದ್ದಾರೆ. ಸರಿ, ಮುಂದಿನದು ಯಾವುದು? ಅವನ ಜೀವವೆಲ್ಲ ಪರದೆಯ ಕೆಳತುದಿಯ ಎರಡು ಪಟ್ಟಿಗಳಲ್ಲಿ. ಒಂದು ಸಿಗ್ನಲ್, ಇನ್ನೊಂದು ಕ್ವಾಲಿಟಿ. ಕೆಂಪಗಿದ್ದ ಪಟ್ಟಿ ಹಳದಿಗೆ ತಿರುಗಿ, ಹಳದಿ ಹಸಿರಿಗೆ ಏರುವ ಆ ಅರೆಗಳಿಗೆಯೇ ಅವನ ಸಿನಿಮಾ, ಅವನ ಧಾರಾವಾಹಿ, ಅವನ ಕ್ರಿಕೆಟ್ಟು. ಇದನ್ನು ಮನೆಯವರಿಗೆ ಅರ್ಥ ಮಾಡಿಸುವುದು ಕಷ್ಟ. ‘ಬಂತಲ್ಲ, ನೋಡಿ ಈಗ’ ಎನ್ನುತ್ತಾಳೆ ನನ್ನ ಹೆಂಡತಿ. ಬಂದ ಮೇಲೆ ನೋಡುವುದಕ್ಕೇನಿದೆ?

ಹುಡುಕುವ ಜಾಗ ಯಾವುದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಭೂಮಧ್ಯರೇಖೆಯ ನೇರ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಒಂದು ವಸ್ತುವನ್ನು ಬಿಟ್ಟರೆ ಅದು ಸೆಕೆಂಡಿಗೆ ಮೂರು ಕಿಲೋಮೀಟರಿನಂತೆ ಓಡಿ, ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ತಾನೂ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ನಮ್ಮ ತಾರಸಿಯಿಂದ ನೋಡಿದರೆ ನಿಂತಲ್ಲೇ ನಿಂತಿದೆ. ಇಂಥವನ್ನೆಲ್ಲ ಸಾಲಾಗಿ ನೆನೆಸಿಕೊಳ್ಳಿ. ಪೂರ್ವದಿಂದ ಎದ್ದು, ನೆತ್ತಿಯ ತುಸು ದಕ್ಷಿಣಕ್ಕೆ ಹಾದು, ಪಶ್ಚಿಮಕ್ಕೆ ಇಳಿಯುವ ಒಂದು ಬಟ್ಟೆದಾರ. ಅದರ ಮೇಲೆ ಎರಡು ಮೂರು ಡಿಗ್ರಿಗೊಂದರಂತೆ ಕ್ಲಿಪ್ಪು ಹಾಕಿ ಒಣಹಾಕಿದ ಉಪಗ್ರಹಗಳು. ದಾರ ಕಾಣುವುದಿಲ್ಲ, ಬಟ್ಟೆಯೂ ಕಾಣುವುದಿಲ್ಲ. ಕೈ ಚಾಚಿ ಹೆಬ್ಬೆರಳೆತ್ತಿ ಹಿಡಿದರೆ ಅದರ ಅಗಲ ಸುಮಾರು ಎರಡು ಡಿಗ್ರಿ. ಅಷ್ಟರಲ್ಲೇ ಅಲ್ಲಿ ಮೇಲೆ ಹತ್ತಿರಹತ್ತಿರ ಸಾವಿರದ ಇನ್ನೂರೈವತ್ತು ಕಿಲೋಮೀಟರ್. ನಮ್ಮ ಎಂಟಡಿ ಡಿಶ್ಶಿನ ದೃಷ್ಟಿಯ ಅಗಲವೂ ಸಿ ಬ್ಯಾಂಡ್ ಎಂಬ ತರಂಗಶ್ರೇಣಿಯಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಹೆಬ್ಬೆರಳು. ಅರ್ಧ ಬೆರಳು ತಪ್ಪಿದರೆ ಬರೀ ಬೂದುಬಣ್ಣದ ಆಕಾಶ.

ಈ ದಾರವನ್ನು ಮನಸ್ಸಿನಲ್ಲೇ ಕಟ್ಟಿ ಲೋಕಕ್ಕೆ ತೋರಿಸಿದವನು ಆರ್ಥರ್ ಸಿ. ಕ್ಲಾರ್ಕ್. 1945ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಅಷ್ಟೆತ್ತರದಲ್ಲಿ ಮೂರು ನಿಲ್ದಾಣ ಇಟ್ಟರೆ ಇಡೀ ಭೂಮಿಗೆ ಪ್ರಸಾರ ಮಾಡಬಹುದು ಎಂದಿದ್ದ. ಆಗ ಮನುಷ್ಯ ಮಾಡಿದ ಒಂದೇ ಒಂದು ಉಪಗ್ರಹವೂ ಮೇಲಿರಲಿಲ್ಲ. ಆಮೇಲೆ ಅವನು ಶ್ರೀಲಂಕಾಕ್ಕೆ ಬಂದು ನೆಲೆಸಿದ. 1975ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ನಮ್ಮವರು ಹಳ್ಳಿಗಳಿಗೆ ಟಿವಿ ತೋರಿಸಿದರಲ್ಲ, ಆಗ ಕೊಲಂಬೊದ ಅವನ ಮನೆಗೂ ಭಾರತದ ಎಂಜಿನಿಯರುಗಳು ಹೋಗಿ ಒಂದು ಡಿಶ್ಶು ಕೂರಿಸಿ ಬಂದರು. ಶ್ರೀಲಂಕಾದಲ್ಲಿ ಟಿವಿ ಶುರುವಾದದ್ದು 1979ರಲ್ಲಿ. ಇಡೀ ದ್ವೀಪದಲ್ಲಿ ಪ್ರಸಾರವೇ ಇಲ್ಲದ ಕಾಲದಲ್ಲಿ ಆತ ಮನೆಯಲ್ಲಿ ಕೂತು ನಮ್ಮ ಕೃಷಿ ಕಾರ್ಯಕ್ರಮ ನೋಡುತ್ತಿದ್ದಿರಬೇಕು. ಅದೇ ಕಾರ್ಯಕ್ರಮಗಳು ಇತ್ತ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡದಲ್ಲಿ ಬರುತ್ತಿದ್ದವು. ಅಲ್ಲಿನ ಹತ್ತಡಿ ಡಿಶ್ಶುಗಳನ್ನು ಮಾಡಿದ್ದು ಕೋಳಿಗೂಡಿಗೆ ಹಾಕುವ ಜಾಲರಿಯಿಂದ. ನಮ್ಮದೂ ಜಾಲರಿಯದೇ. ಯಾರಾದರೂ ‘ಇದೇನ್ ಸಾರ್, ಕೋಳಿ ಸಾಕಿದೀರಾ?’ ಎಂದು ನಕ್ಕರೆ ನಾನು ಇತಿಹಾಸದ ಈ ಭಾಗವನ್ನು ಪೂರ್ತಿ ಹೇಳಿಯೇ ಕಾಫಿ ಕೊಡುವುದು.

ಹಾಸನದಲ್ಲಿದ್ದುಕೊಂಡು ಡಿಶ್ಶಿನ ಹುಚ್ಚು ಹಿಡಿಸಿಕೊಳ್ಳುವುದರಲ್ಲಿ ಒಂದು ಮುಜುಗರವಿದೆ. ಊರಾಚೆ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಇದೆ. 1982ರಿಂದ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳ ಕಡಿವಾಣ ಅಲ್ಲಿದೆ. ಅಲ್ಲಿನ ಡಿಶ್ಶುಗಳ ಮುಂದೆ ನನ್ನದು ತಟ್ಟೆಯೂ ಅಲ್ಲ, ತಟ್ಟೆಯ ಅಂಚಿನ ಉಪ್ಪು. ಅಲ್ಲಿಂದ ನಿವೃತ್ತರಾದವರೊಬ್ಬರು ಸಂಜೆ ವಾಕಿಂಗ್ ಹೊರಟಾಗ ನಮ್ಮ ಗೇಟಿನ ಬಳಿ ನಿಲ್ಲುತ್ತಾರೆ. ಮೊದಲ ಸಲ ಮೇಲೆ ನೋಡಿ, ‘ಅವನ್ನ ಅಲ್ಲಾಡದ ಹಾಗೆ ನಿಲ್ಲಿಸೋಕೆ ನಾವು ಜೀವಮಾನ ಸಂಬಳ ತಗೊಂಡ್ವಿ, ನೀವು ಸ್ವಂತ ದುಡ್ಡು ಹಾಕಿ ತಿರುಗ್ತಾ ಇದೀರಲ್ಲ’ ಎಂದರು.

ಅಲ್ಲಾಡದ ಹಾಗೆ ನಿಲ್ಲಿಸುವುದೇ ದೊಡ್ಡ ಕೆಲಸವಂತೆ. ನಾನು ತಿಳಿದದ್ದು ಒಮ್ಮೆ ಮೇಲೆ ಬಿಟ್ಟರಾಯಿತು, ಅದರ ಪಾಡಿಗೆ ಅದು ಅಂತ. ಆದರೆ ಸೂರ್ಯ ಚಂದ್ರರು ಸೇರಿ ಅದನ್ನು ಉತ್ತರ ದಕ್ಷಿಣಕ್ಕೆ ಎಳೆದಾಡುತ್ತಾರೆ. ಭೂಮಧ್ಯರೇಖೆ ಅಪ್ಪಟ ವೃತ್ತವಲ್ಲದ್ದರಿಂದ ಪೂರ್ವ ಪಶ್ಚಿಮಕ್ಕೂ ಅದು ಜಾರುತ್ತದೆ. ಅದನ್ನು ಆಗಾಗ ಇಂಧನ ಉರಿಸಿ ತನ್ನ ಚೌಕಕ್ಕೆ ತಳ್ಳಬೇಕು. ಆ ಚೌಕವಾದರೂ ಏನು, ನೂರು ಕಿಲೋಮೀಟರಿನ ಆಸುಪಾಸು ಉದ್ದಗಲದ ಬಯಲು; ಕೆಳಗಿರುವ ನಮಗೆ ಒಂದು ಚುಕ್ಕೆ. ಇಂಧನ ಮುಗಿಯುತ್ತ ಬಂದರೆ ಉಪಗ್ರಹದ ಆಯುಸ್ಸೂ ಮುಗಿಯಿತು. ಕೊನೆಯ ಗುಟುಕಿನಲ್ಲಿ ಅದನ್ನು ಮುನ್ನೂರು ಕಿಲೋಮೀಟರಿನಷ್ಟು ಮೇಲಕ್ಕೆ ತಳ್ಳಿ ದಾರ ಖಾಲಿ ಮಾಡಿಕೊಡುವುದು ಮರ್ಯಾದೆ. ಹಾಗೆ ತಳ್ಳದೆ ಸತ್ತವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಆಕಾಶದಲ್ಲೂ ತಗ್ಗುಗಳಿವೆಯಂತೆ, ಎರಡು. ಒಂದು ಅಮೆರಿಕದ ಕಡೆ, 105 ಡಿಗ್ರಿ ಪಶ್ಚಿಮದಲ್ಲಿ. ಇನ್ನೊಂದು ನಮ್ಮ ಕಡೆ, 75 ಡಿಗ್ರಿ ಪೂರ್ವದಲ್ಲಿ. ಕೈಬಿಟ್ಟ ಉಪಗ್ರಹಗಳು ಆ ತಗ್ಗಿನ ಸುತ್ತ ವರ್ಷಗಟ್ಟಲೆ ಅತ್ತಿತ್ತ ಉರುಳಾಡುತ್ತಿರುತ್ತವೆ. ಮನೆಗೆ ಬಂದು ನಕಾಶೆ ತೆಗೆದು ನೋಡಿದರೆ, 75 ಡಿಗ್ರಿಯ ಗೆರೆ ಹುಬ್ಬಳ್ಳಿ, ಸಾಗರಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಹುಬ್ಬಳ್ಳಿಯಲ್ಲಿರುವ ನನ್ನ ಷಡ್ಡಕನಿಗೆ ಫೋನ್ ಮಾಡಿ ಈ ವಿಷಯ ತಿಳಿಸಿದೆ. ‘ನಮ್ಮ ಓಣಿ ತಗ್ಗೇ ಇನ್ನೂ ಮುಚ್ಚಿಲ್ಲ, ನೀವೊಬ್ರು’ ಎಂದ.

ಇರಲಿ, ಡಿಶ್ಶು ಕೂರಿಸುವುದಕ್ಕೆ ಬರುತ್ತೇನೆ. ಮೊದಲ ಕೆಲಸ ಕಂಬ. ಅದು ಅಪ್ಪಟ ನೆಟ್ಟಗಿರಬೇಕು. ರಸಮಟ್ಟ ಇಟ್ಟು, ತೂಗುಗುಂಡು ಇಳಿಬಿಟ್ಟು, ಗಾರೆಯ ಮೇಸ್ತ್ರಿಯ ಕೈಲಿ ಬೈಸಿಕೊಂಡು ನಿಲ್ಲಿಸಿದ್ದಾಯಿತು. ಎರಡನೆಯದು ದಿಕ್ಕು. ನಿಜವಾದ ದಕ್ಷಿಣ ಯಾವ ಕಡೆ? ದಿಕ್ಸೂಚಿಯನ್ನು ಕಂಬದ ಬಳಿ ಹಿಡಿದರೆ ಮುಳ್ಳು ಕಬ್ಬಿಣದ ಕಂಬವನ್ನೇ ದಿಕ್ಕೆಂದು ನಂಬಿ ಅದರತ್ತ ಕೈತೋರಿಸಿತು. ಅದಕ್ಕೇ ನೆರಳಿನ ಮೊರೆ ಹೋದೆ. ಗಡಿಯಾರದ ಹನ್ನೆರಡನ್ನು ಬಿಟ್ಟುಬಿಡಿ. ನಮ್ಮ ಊರಿನಲ್ಲಿ ಸೂರ್ಯನ ನಡುಹಗಲು ಏಪ್ರಿಲ್ ಕೊನೆಗೆ ಸುಮಾರು 12 ಗಂಟೆ 24 ನಿಮಿಷಕ್ಕೆ. ಆ ಹೊತ್ತಿಗೆ ನೆಟ್ಟ ಕೋಲಿನ ನೆರಳು ಸರಿಯಾಗಿ ಉತ್ತರ ದಕ್ಷಿಣಕ್ಕೆ ಬೀಳುತ್ತದೆ. ಪುಸ್ತಕದಲ್ಲಿ ಹಾಗಂತ ಇತ್ತು. ಟವೆಲು ಹೊದ್ದು, ಸೀಮೆಸುಣ್ಣ ಹಿಡಿದು, ಕಾದ ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತೆ. ನೆರಳು ಕುಗ್ಗಿತು, ಇನ್ನೂ ಕುಗ್ಗಿತು, ಸರಿಯಾದ ಹೊತ್ತಿಗೆ ಕೋಲಿನ ಬುಡದೊಳಗೇ ಹೋಗಿ ಸೇರಿಕೊಂಡಿತು. ಗೀಟು ಎಳೆಯೋಣವೆಂದರೆ ನೆರಳೇ ಇಲ್ಲ. ಹದಿಮೂರು ಡಿಗ್ರಿ ಉತ್ತರದಲ್ಲಿರುವ ಹಾಸನಕ್ಕೂ ಬೆಂಗಳೂರಿಗೂ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಸುಮಾರು, ವರ್ಷಕ್ಕೆರಡು ಸಲ ಶೂನ್ಯ ನೆರಳಿನ ದಿನ. ಸೂರ್ಯ ಅಂದೇ ನನ್ನ ನೆತ್ತಿಗೆ ಗುರಿಯಿಟ್ಟಿದ್ದ. ಹೆಂಡತಿ ಮಜ್ಜಿಗೆ ತಂದುಕೊಟ್ಟು ಸುತ್ತಲೂ ನೋಡಿದಳು. ‘ಏನ್ರೀ, ನೆರಳನ್ನೂ ಕಳ್ಕೊಂಡ್ರಾ?’

ಕೈಹಿಡಿದವರು ಪಕ್ಕದ ಮನೆಯ ನಿವೃತ್ತ ಸಂಸ್ಕೃತ ಮೇಷ್ಟರು. ಅವರ ತೆಂಗಿನ ಮರದ ವಿಚಾರ ಆಮೇಲೆ ಹೇಳುತ್ತೇನೆ. ಕಾಂಪೌಂಡಿನಾಚೆಯಿಂದ ನನ್ನ ಪಾಡು ನೋಡಿ, ‘ನಡುಹಗಲಿಗೆ ಯಾಕೆ ಕಾಯ್ತೀರಿ? ಶಂಕು ನೆಟ್ಟು ಸುತ್ತ ವೃತ್ತ ಬರೀರಿ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟೋ ಕಡೆ ಒಂದು ಗುರುತು, ಸಂಜೆ ಮುಟ್ಟೋ ಕಡೆ ಒಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡಗೆರೆ ಎಳೆದರೆ ನಿಮ್ಮ ದಕ್ಷಿಣ’ ಎಂದರು. ಕಾತ್ಯಾಯನನ ಶುಲ್ಬಸೂತ್ರದಲ್ಲೇ ಇದೆಯಂತೆ ಉಪಾಯ. ಯಜ್ಞವೇದಿಗೆ ದಿಕ್ಕು ಹಿಡಿಯುವುದಕ್ಕೆ ಹೇಳಿದ್ದು. ಶೂನ್ಯ ನೆರಳಿನ ದಿನವೂ ಇದು ನಡೆಯುತ್ತದೆ. ಬೆಳಗಿನ ಸಂಜೆಯ ನೆರಳಿಗೆ ಏನೂ ಕೊರತೆಯಿಲ್ಲವಲ್ಲ. ಸೀಮೆಸುಣ್ಣದ ವೃತ್ತದ ನಡುವೆ ಕೋಲು ನೆಟ್ಟದ್ದನ್ನು ಕಂಡ ಎದುರುಮನೆಯವರು ಏನೋ ಶಾಂತಿ ಮಾಡಿಸುತ್ತಿದ್ದಾರೆಂದು ತಿಳಿದು, ಪ್ರಸಾದಕ್ಕೆ ಮಗುವನ್ನು ಕಳಿಸಿದ್ದರು.

ಮೂರನೆಯದು ಅಚ್ಚು. ಡಿಶ್ಶು ತಿರುಗುವಾಗ ಎಡಬಲಕ್ಕೆ ಹೊರಳಿದರೆ ಸಾಲದು. ದಾರ ಕಮಾನಿನಾಕಾರದಲ್ಲಿರುವುದರಿಂದ ಹೊರಳುತ್ತಲೇ ಏಳಬೇಕು, ಇಳಿಯಬೇಕು. ಎರಡು ಮೋಟಾರಿನ ಕೆಲಸವನ್ನು ಒಂದೇ ಮೋಟಾರಿನಲ್ಲಿ ಮಾಡಿಸುವ ಗುಟ್ಟು ಆ ಅಚ್ಚಿನಲ್ಲಿದೆ. ಅದನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಅಂದರೆ ಧ್ರುವ ನಕ್ಷತ್ರದ ಕಡೆಗೆ, ಓರೆ ಮಾಡಿಡಬೇಕು. ಹಾಸನದಲ್ಲಿ ಧ್ರುವ ಇರುವುದು ಉತ್ತರ ದಿಗಂತದಿಂದ ಹದಿಮೂರು ಡಿಗ್ರಿ ಮೇಲೆ, ಅದೂ ಬೀದಿದೀಪದ ಹಿಂದೆ. ಇಷ್ಟಾದ ಮೇಲೆ ಡಿಶ್ಶಿನ ಮುಖವನ್ನು ಇನ್ನೂ ಎರಡೂಕಾಲು ಡಿಗ್ರಿಯಷ್ಟು ದಕ್ಷಿಣಕ್ಕೆ ಬಾಗಿಸಬೇಕು. ಲಂಡನ್ನಿನವರಿಗೆ ಇದೇ ಬಾಗು ಏಳೂವರೆಯ ಹತ್ತಿರ. ಅವರ ಡಿಶ್ಶು ನೇರ ದಕ್ಷಿಣದ ಉಪಗ್ರಹ ನೋಡುವಾಗಲೂ ಮೂವತ್ತು ಡಿಗ್ರಿ ಎತ್ತರಕ್ಕಷ್ಟೇ ಮುಖ ಎತ್ತಿ ಗೋಡೆಗೆ ಒರಗಿ ನಿಂತಿರುತ್ತದೆ. ನಮ್ಮದು ಎಪ್ಪತ್ತೈದು ಡಿಗ್ರಿ ಎತ್ತಿ ಆಕಾಶಕ್ಕೆ ಬಾಯ್ದೆರೆದಿರುತ್ತದೆ. ಒಣಗಿದ ಎಲೆ, ಪಾರಿವಾಳದ ಕಾಣಿಕೆ, ಪಕ್ಕದ ಬೀದಿಯ ಹುಡುಗರ ಟೆನಿಸ್ ಚೆಂಡು, ಎಲ್ಲಕ್ಕೂ ಅಲ್ಲಿ ಎಡೆಯುಂಟು.

ಧ್ರುವನ ಮಾತು ಬಂದದ್ದೇ ಮೇಷ್ಟರು ಕತೆಗೆ ಇಳಿದರು. ಅಪ್ಪನ ತೊಡೆಯಿಂದ ತಳ್ಳಿಸಿಕೊಂಡ ಮಗು, ಯಾರೂ ತಳ್ಳಲಾಗದ ಜಾಗ ಕೇಳಿಕೊಂಡದ್ದು. ಎಂಸಿಎಫ್‌ನಿಂದ ನಿವೃತ್ತರಾದ ಯಜಮಾನರು ನಡುವೆ ಬಾಯಿಹಾಕಿ, ‘ಅವನೂ ಪೂರ್ತಿ ನಿಂತಿಲ್ಲ ಮೇಷ್ಟ್ರೇ, ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತೀನೇ ಪಕ್ಕಕ್ಕಿದಾನೆ’ ಎಂದರು. ಮೇಷ್ಟರು ಒಂದು ವಾರ ಅವರ ಜೊತೆ ವಾಕಿಂಗ್ ಹೋಗಲಿಲ್ಲ.

ಡಿಶ್ಶನ್ನು ತಳ್ಳುವುದು 36 ವೋಲ್ಟಿನ ಒಂದು ಜ್ಯಾಕ್. ಒಳಗಿನ ಆಯಸ್ಕಾಂತ ಸುತ್ತಿದಂತೆಲ್ಲ ಒಂದು ಪುಟ್ಟ ಸ್ವಿಚ್ಚು ಟಿಕ್ ಟಿಕ್ ಎಂದು ಎಣಿಸುತ್ತದೆ. ಇಂತಿಷ್ಟು ಟಿಕ್ಕಿಗೆ ಇಂಥ ಉಪಗ್ರಹ ಎಂದು ಕೆಳಗಿನ ಬಾಕ್ಸು ನೆನಪಿಟ್ಟುಕೊಳ್ಳುತ್ತದೆ. ಬಹಳ ನಂಬಿಕಸ್ತ ಏರ್ಪಾಡು, ಕರೆಂಟು ಹೋಗುವವರೆಗೆ. ತಿರುಗುತ್ತಿರುವಾಗ ಕರೆಂಟು ಹೋದರೆ ಕೆಲವು ಟಿಕ್ಕು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಆಮೇಲೆ ಬಾಕ್ಸು 93.5 ಡಿಗ್ರಿಯಲ್ಲಿದ್ದೇನೆ ಎಂದು ಆಣೆಯಿಟ್ಟು ಹೇಳುತ್ತದೆ, ಡಿಶ್ಶು ನಿಜವಾಗಿ ಎರಡು ಉಪಗ್ರಹಗಳ ನಡುವಿನ ಬಯಲನ್ನು ದಿಟ್ಟಿಸುತ್ತಿರುತ್ತದೆ.

ಆಗ ಮತ್ತೆ ಸ್ಪ್ಯಾನರ್ ಹಿಡಿದು ಮೇಲೆ ಹತ್ತಬೇಕು. ಹಿಂದೆ ಏಣಿಯಾಕಾರದ ಆಂಟೆನಾ ತಿರುಗಿಸುವ ಕಾಲದಲ್ಲಿ ‘ಬಂತಾ?’ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂಬ ಸಂವಾದ ಪ್ರತಿ ಮನೆಯಲ್ಲೂ ಕೇಳುತ್ತಿತ್ತಲ್ಲ; ಆಗ ಗೆರೆಗೆರೆಯಾಗಿಯಾದರೂ ಚಿತ್ರ ಸುಳಿವು ಕೊಡುತ್ತಿತ್ತು. ಈಗಿನ ಡಿಜಿಟಲ್ ಸಿಗ್ನಲ್ಲಿಗೆ ಅರೆಬರೆಯ ಮಾತೇ ಇಲ್ಲ. ಜೊತೆಗೆ ಬಾಕ್ಸು ಸಿಗ್ನಲ್ಲನ್ನು ಹಿಡಿದು ಗುರುತಿಸಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಕೆಳಗೆ ಹೆಂಡತಿ ಅಡುಗೆಮನೆ ಬಾಗಿಲಿನಿಂದ ಇಣುಕಿ ‘ಬಂತು’ ಎನ್ನುವಷ್ಟರಲ್ಲಿ ಡಿಶ್ಶು ಆ ಉಪಗ್ರಹ ದಾಟಿ ಮುಂದಿನ ಊರಿನಲ್ಲಿರುತ್ತದೆ. ಅವಳ ‘ಬಂತು’ ಎಷ್ಟು ಹಳೆಯದೆಂದು ಅಂದಾಜು ಮಾಡಿ ಅಷ್ಟು ಹಿಂದಕ್ಕೆ ಬರುವುದನ್ನು ಕಲಿತವನೇ ಪಳಗಿದ ಕೈ. ಈಗ ಬೀಪ್ ಬೀಪ್ ಎನ್ನುವ ಫೈಂಡರ್ ತಂದಿಟ್ಟುಕೊಂಡಿದ್ದೇನೆ. ದಾಂಪತ್ಯ ಸುಧಾರಿಸಿದೆ.

ನಿಜವಾದ ಬಟ್ಟೆದಾರದಿಂದಲೂ ಒಮ್ಮೆ ತೊಂದರೆಯಾಯಿತು. 105.5 ಡಿಗ್ರಿಯ ಏಷ್ಯಾಸ್ಯಾಟ್‌ ಹಿಡಿಯಲು ಪೂರ್ವಕ್ಕೆ ಹೊರಟ ಡಿಶ್ಶು, ತಾರಸಿಯ ಮೇಲಿನ ನೈಲಾನ್ ದಾರವನ್ನು ಅಂಚಿನಲ್ಲಿ ಸಿಕ್ಕಿಸಿಕೊಂಡು, ಮೈಸೂರು ರೇಷ್ಮೆ ಸೀರೆಯೊಂದನ್ನು ಸೆಳೆದುಹೊದ್ದು, ಗಂಭೀರವಾಗಿ ಪೂರ್ವಾಭಿಮುಖವಾಗಿ ನಿಂತಿತು. ಕೆಳಗೆ ಸಿಗ್ನಲ್ಲು ಯಾಕೆ ಕಡಿಮೆ ಎಂದು ನಾನು ಕೇಬಲ್ಲು ಪರೀಕ್ಷಿಸುತ್ತಿದ್ದೆ. ರೇಷ್ಮೆ ಸಿಗ್ನಲ್ಲನ್ನು ಅಷ್ಟೇನೂ ತಡೆಯುವುದಿಲ್ಲ, ಜರಿ ಇದ್ದರೆ ಹೇಗೋ ಎಂದು ಹೇಳಹೊರಟವನು ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದೆ. ಬಟ್ಟೆದಾರ ಈಗ ಪಶ್ಚಿಮದ ಮೂಲೆಗೆ ಹೋಗಿದೆ. ಹಾಗಾಗಿ ಪಶ್ಚಿಮದಲ್ಲಿ ನಾನು ಅರಬ್ಬರ ಚಾನೆಲ್ಲುಗಳವರೆಗೆ ಹೋಗುವಂತಿಲ್ಲ. ಪೂರ್ವದಲ್ಲಿ 130 ಡಿಗ್ರಿಯ ಆಚೆಗೆ ಮೇಷ್ಟರ ತೆಂಗಿನ ಮರ. ಅದರ ಬಗ್ಗೆ ನಯವಾಗಿ ಪ್ರಸ್ತಾಪಿಸಿದ್ದೆ. ‘ನೆಟ್ಟವರು ನಮ್ಮ ತಂದೆ. ನಿಮ್ಮ ಜಪಾನಿನವರು ಬೇಕಾದ್ರೆ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಲಿ’ ಎಂದರು.

ಕಾಣದ ದಾರ ವರ್ಷಕ್ಕೆರಡು ಸಲ ಕಾಣುತ್ತದೆ. ಮಾರ್ಚ್ ನಡುವೆ, ಮತ್ತೆ ಸೆಪ್ಟೆಂಬರ್ ಕೊನೆಗೆ, ನಮ್ಮೂರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಉಪಗ್ರಹಗಳ ದಾರಿಯಲ್ಲೇ ನಡೆಯುತ್ತಾನೆ, ಒಂದೊಂದರ ಹಿಂದೆಯೂ ಹಾಯುತ್ತ. ಬೆಳಿಗ್ಗೆ ಪೂರ್ವದವು, ಹನ್ನೊಂದರ ಸುಮಾರಿಗೆ 93.5, ಊಟದ ಹೊತ್ತಿಗೆ ನಡುವಿನವು, ಇಳಿಹೊತ್ತಿಗೆ ಪಶ್ಚಿಮದವು. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗಿ ಕೆಲವು ನಿಮಿಷ ಚಿತ್ರ ಹೋಗುತ್ತದೆ, ನಾಲ್ಕೈದು ದಿನ ಹೀಗೆ. ಲೋಕವೆಲ್ಲ ಗೊಣಗುವ ಈ ಹೊತ್ತಿನಲ್ಲಿ ನಮ್ಮಂಥವರು ಸಂಭ್ರಮದಿಂದ ಮೇಲೆ ಓಡುತ್ತೇವೆ. ಡಿಶ್ಶಿನ ಮುಂದೆ ಚಾಚಿಕೊಂಡು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ನೆರಳು ಆಗ ಡಿಶ್ಶಿನ ನಡುಮಧ್ಯಕ್ಕೆ ಬಿದ್ದರೆ ಗುರಿ ಸರಿಯಿದೆ. ಪಕ್ಕಕ್ಕೆ ಬಿದ್ದರೆ ಎಷ್ಟು ತಪ್ಪಿದೆ, ಯಾವ ಕಡೆಗೆ ಎಂಬುದನ್ನು ಸೂರ್ಯನೇ ಗೀಟು ಹಾಕಿ ತೋರಿಸುತ್ತಾನೆ. ಏಪ್ರಿಲ್ಲಿನಲ್ಲಿ ನನ್ನನ್ನು ಆಟ ಆಡಿಸಿದವನು ಸೆಪ್ಟೆಂಬರಿನಲ್ಲಿ ಹಾಗೆ ಬಾಕಿ ತೀರಿಸಿದ.

ಮನೆಯೊಳಗಿನ ರಾಜಕೀಯ ಮಾತ್ರ ಯಾವ ಶುಲ್ಬಸೂತ್ರಕ್ಕೂ ಬಗ್ಗುವುದಿಲ್ಲ. ಡಿಶ್ಶು ಒಂದು, ಅದು ನೋಡುವುದು ಒಂದು ಸಲಕ್ಕೆ ಒಂದೇ ಕಡೆ. ಇಡೀ ಕುಟುಂಬ ಒಂದೇ ಉಪಗ್ರಹದ ಕೆಳಗೆ ಬಾಳಬೇಕು. ಅಮ್ಮನದು 93.5, ಅಲ್ಲಿ ದೂರದರ್ಶನದವರು, ಅವರಲ್ಲಿ ಚಂದನ, ಚಂದನದಲ್ಲಿ ‘ಥಟ್ ಅಂತ ಹೇಳಿ’. ಕೋಣೆಯ ಬಾಕ್ಸಿನಿಂದ ನಾನು ಒಂದು ರಾತ್ರಿ 66 ಡಿಗ್ರಿಗೆ ಅಂತ ಒತ್ತಿಬಿಟ್ಟೆ. ಹಜಾರದಲ್ಲಿ ಪ್ರಶ್ನೆ ಕೇಳಿ ಆಗಿತ್ತು, ಉತ್ತರ ಬರಬೇಕಿತ್ತು. ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು, ‘ಉತ್ತರ ಏನು ಅಂತ ನೀನೇ ಹೇಳೋ ಈಗ’ ಎಂದಳು. ಪ್ರಶ್ನೆ ಏನೆಂದು ಕೇಳಿದೆ. ಕುಮಾರವ್ಯಾಸನದೇನೋ. ನನಗೆ ಗೊತ್ತಿರಲಿಲ್ಲ. ‘ಆಕಾಶದಲ್ಲಿರೋದೆಲ್ಲ ಹುಡುಕ್ತೀಯ’ ಎಂದಷ್ಟೇ ಹೇಳಿ ಹೋದಳು. ಅಂದಿನಿಂದ ರಾತ್ರಿ ಹತ್ತರವರೆಗೆ ಡಿಶ್ಶು ಮುಟ್ಟಕೂಡದು ಎಂದು ಒಪ್ಪಂದವಾಯಿತು.

ಹತ್ತರ ನಂತರದ ಆಕಾಶ ನನ್ನದು. ಎಷ್ಟು ಭಾಷೆಗಳು! ಯಾವುದೋ ದೇಶದ ಹವಾಮಾನ ಹೇಳುವವಳು ನನಗೆ ಸಂಬಂಧವಿಲ್ಲದ ಮಳೆಯ ಬಗ್ಗೆ ನಗುನಗುತ್ತ ಎಚ್ಚರಿಸುತ್ತಾಳೆ. ಕೆಲವೊಮ್ಮೆ ಯಾರಿಗೂ ತೋರಿಸಲು ಉದ್ದೇಶಿಸದ ನೇರ ಫೀಡ್ ಸಿಕ್ಕುತ್ತದೆ: ವರದಿಗಾರ ಪ್ರಸಾರಕ್ಕೆ ಕಾಯುತ್ತ ಟೈ ಸರಿಮಾಡಿಕೊಳ್ಳುವುದು, ಕ್ರಿಕೆಟ್ ಪಂದ್ಯದಲ್ಲಿ ಜಾಹೀರಾತು ಬರಬೇಕಾದ ಜಾಗದಲ್ಲಿ ಖಾಲಿ ಮೈದಾನ, ನೀರು ಕುಡಿಯುವ ಅಂಪೈರು. ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಯಾವ ಚಾನೆಲ್ಲೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊನ್ನೆ ಹೀಗೇ 78.5 ಡಿಗ್ರಿಯ ಥಾಯ್‌ಕಾಮ್ ಮೇಲೆ ನಿಲ್ಲಿಸಿ, ಕ್ವಾಲಿಟಿ ಇನ್ನೆರಡು ಪರ್ಸೆಂಟ್ ಏರುತ್ತದೇನೋ ಎಂದು ತಾರಸಿಗೆ ಹೋದೆ. ಇಳಿದು ಬಂದರೆ ಅಮ್ಮ ನಿದ್ದೆ ಬಾರದೆ ಎದ್ದು ಬಂದು ಟಿವಿ ಮುಂದೆ ಕೂತಿದ್ದಾಳೆ. ಥಾಯ್ ಧಾರಾವಾಹಿ. ಒಂದು ದೊಡ್ಡ ಮನೆ, ಮೆಟ್ಟಿಲು, ಅಳುವ ಹುಡುಗಿ, ಮುತ್ತಿನ ಸರದ ಹಿರಿಯ ಹೆಂಗಸು. ಬದಲಾಯಿಸಲು ಕೈಚಾಚಿದೆ.

‘ಇರೋ. ಆ ಮುತ್ತಿನ ಸರದವಳು ಇದಾಳಲ್ಲ, ಅವಳೇ ಕಾಗದ ಬಚ್ಚಿಟ್ಟಿರೋದು.’

‘ಭಾಷೆ ಗೊತ್ತಾಗುತ್ತೇನಮ್ಮ?’

‘ಅತ್ತೆ ಮುಖ ನೋಡಿದ್ರೆ ಗೊತ್ತಾಗಲ್ವೇನೋ?’ ಎಂದು ಕಣ್ಣು ಕೀಳದೆ ಹೇಳಿ, ಸೊಸೆಯನ್ನೂ ಕೂಗಿ ಕರೆದಳು. ನನ್ನ ಹೆಂಡತಿ ಬಂದು ಐದು ನಿಮಿಷದಲ್ಲಿ ಎಲ್ಲ ತಿಳಿದುಕೊಂಡಳು. ಕಾಗದ ಬಚ್ಚಿಟ್ಟದ್ದು ಅತ್ತೆಯಲ್ಲ, ನಾದಿನಿ ಎಂಬುದು ಅವಳ ವಾದ. ಈಗ ರಾತ್ರಿ ಹತ್ತರಿಂದ ಹನ್ನೊಂದರವರೆಗೂ ಡಿಶ್ಶು ಮುಟ್ಟುವಂತಿಲ್ಲ. ಮೇಷ್ಟರ ಮನೆಯವರೂ ಬರುತ್ತಾರಂತೆ, ಶುಕ್ರವಾರದಿಂದ. ಮೇಷ್ಟರ ಅಭಿಪ್ರಾಯದಲ್ಲಿ ಥಾಯ್ ಭಾಷೆಯಲ್ಲಿ ಸಂಸ್ಕೃತ ಪದಗಳು ಬೇಕಾದಷ್ಟಿವೆ, ಕಿವಿಗೊಟ್ಟರೆ ಸಿಗುತ್ತವೆ. ಹನ್ನೊಂದರ ಮೇಲೆ ತಿರುಗಿಸಬಹುದೇ ಎಂದು ಕೇಳಿದ್ದಕ್ಕೆ ಹೆಂಡತಿ, ಜ್ಯಾಕ್ ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟು ಆಮೇಲೆ ಕೇಳಿ ಎಂದಿದ್ದಾಳೆ.